ಚಲನೆ ಸಂವೇದಕ: ಅದು ಓದುವುದೇನು, ಪಂಚಾಯಿತಿ ಓದಬೇಕಾದುದೇನು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಬಸವನಗುಡಿಯ ಮಗ್ಗುಲಲ್ಲಿರುವ ನರಸಿಂಹರಾಜ ಕಾಲೋನಿ, ಎಲ್ಲರ ಬಾಯಲ್ಲಿ ಎನ್.ಆರ್. ಕಾಲೋನಿ, ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೂ ಸೇರಿದ್ದಲ್ಲ. ಆದರೂ ಇಂದಿನ ವಿಷಯವನ್ನು ಅಲ್ಲಿಯ ಒಂದು ಮೆಟ್ಟಿಲಿನಿಂದ ಆರಂಭಿಸುವುದು ಉಚಿತ. ಆ ಬಡಾವಣೆಯ ಹಳೆಯ ಮನೆಗಳಲ್ಲಿ ಎಷ್ಟೋ ಮನೆಗಳು ಈಗ ಎರಡು ಮೂರು ಅಂತಸ್ತಿಗೆ ಏರಿವೆ. ಮಹಡಿಯ ಮೆಟ್ಟಿಲು ಮನೆಯ ಪಕ್ಕದಲ್ಲಿ, ಎರಡು ಗೋಡೆಗಳ ನಡುವೆ ಇರುತ್ತದೆ. ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಂತು ದಾರಿ ಬಿಡಬೇಕು, ಅಷ್ಟು ಕಿರಿದು. ರಾತ್ರಿ ಯಾರಾದರೂ ಮೊದಲ ಮೆಟ್ಟಿಲಿಗೆ ಕಾಲಿಟ್ಟೊಡನೆ ಮೇಲಿನ ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮೇಲೇರಿ ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಆರುತ್ತದೆ. ನಗರದ ನೆಂಟರ ಮನೆಗೆ ಹೋಗಿಬಂದ ಸದಸ್ಯರಲ್ಲಿ ಅನೇಕರು ಇದನ್ನು ಕಂಡಿರಬಹುದು. ಪಂಚಾಯಿತಿ ಕಚೇರಿಗೆ ಬರುವ ಮಾರಾಟ ಪ್ರತಿನಿಧಿಗಳು ತಮ್ಮ ಮೊಬೈಲಿನಲ್ಲಿ ತೋರಿಸುವುದೂ ಬಹುಮಟ್ಟಿಗೆ ಇಂತಹದೇ ಮೆಟ್ಟಿಲು. "ಇದೇ ವ್ಯವಸ್ಥೆಯನ್ನು ನಿಮ್ಮ ಊರಿನ ಬೀದಿ ದೀಪಗಳಿಗೂ ಅಳವಡಿಸಿಕೊಡುತ್ತೇವೆ, ವಿದ್ಯುತ್ ಬಿಲ್ಲು ಅರ್ಧಕ್ಕೆ ಇಳಿಯುತ್ತದೆ" ಎಂಬುದು ಅವರ ಮಾತು.

ಮೆಟ್ಟಿಲಿನ ಮೇಲೆ ಚೆನ್ನಾಗಿ ಕೆಲಸ ಮಾಡುವ ಸಾಧನ ಊರಿನ ಬೀದಿಯಲ್ಲಿಯೂ ಹಾಗೆಯೇ ಕೆಲಸ ಮಾಡುವುದೇ? ಈ ಪ್ರಶ್ನೆಗೆ ಮಾರುವವರ ಮಾತಿನಿಂದ ಉತ್ತರ ದೊರೆಯುವುದಿಲ್ಲ. ಪಂಚಾಯಿತಿಯೇ, ತನ್ನದೇ ಬೀದಿಯಲ್ಲಿ, ಕೆಲವು ಸಾವಿರ ರೂಪಾಯಿಗಳ ವೆಚ್ಚದಲ್ಲಿ, ಹದಿನೈದು ರಾತ್ರಿಗಳೊಳಗೆ ಉತ್ತರ ಕಂಡುಕೊಳ್ಳಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಒಂದು ಚಲನೆ ಸಂವೇದಕ ಮತ್ತು ಅದನ್ನು ಓದಿ ದಾಖಲಿಸುವ ಅಂಗೈ ಅಗಲದ ಒಂದು ಕಂಪ್ಯೂಟರ್.

ಮೊದಲು ಸಂವೇದಕದ ವಿಚಾರ. ಮಾರುಕಟ್ಟೆಯಲ್ಲಿ ಇದನ್ನು ಪಿ.ಐ.ಆರ್. ಸೆನ್ಸರ್ ಎನ್ನುತ್ತಾರೆ. ಬಿಳಿಯ ಅರೆಗೋಳದಂತಹ ಪ್ಲಾಸ್ಟಿಕ್ ಮುಚ್ಚಳವಿರುವ ಈ ಪುಟ್ಟ ಬಿಲ್ಲೆ ಯಾವ ಕಿರಣವನ್ನೂ ಹೊರಸೂಸುವುದಿಲ್ಲ, ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಿಡುತ್ತಿರುತ್ತದೆ. ಮನುಷ್ಯದೇಹ ಹೊಮ್ಮಿಸುವ ಕಿರಣಗಳು ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಸುತ್ತ ಅತಿ ಹೆಚ್ಚಾಗಿರುತ್ತವೆ. ಸಂವೇದಕದ ಒಳಗೆ ಬಿಸಿ ಏರಿಳಿದಾಗ ವಿದ್ಯುದಾವೇಶ ಹುಟ್ಟಿಸುವ ಪದಾರ್ಥದ ಎರಡು ಚಿಕ್ಕ ತುಣುಕುಗಳಿರುತ್ತವೆ. ಈ ಗುಣಕ್ಕೆ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1824ರಲ್ಲಿ ಪೈರೋಎಲೆಕ್ಟ್ರಿಸಿಟಿ ಎಂಬ ಹೆಸರನ್ನು ಕೊಟ್ಟರು. ಎರಡೂ ತುಣುಕುಗಳಿಗೆ ಸಮನಾಗಿ ಬಿಸಿ ತಾಕಿದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಹೀಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಗೋಡೆ ನಿಧಾನವಾಗಿ ಕಾದರೂ ಸಂವೇದಕ ಸುಮ್ಮನಿರುತ್ತದೆ. ಬಿಸಿಯಾದ ಒಂದು ದೇಹ ಅಡ್ಡಲಾಗಿ ಹಾದುಹೋದರೆ ಮೊದಲು ಒಂದು ತುಣುಕಿಗೆ, ಅನಂತರ ಇನ್ನೊಂದಕ್ಕೆ ಬಿಸಿ ತಾಕುತ್ತದೆ. ಆ ವ್ಯತ್ಯಾಸವೇ ಸಂಕೇತವಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಮೇಲಿರುವ ಚಿಕ್ಕ ಚಿಕ್ಕ ಚೌಕಗಳು ಅಲಂಕಾರಕ್ಕಾಗಿ ಇರುವುದಲ್ಲ. ಪ್ರತಿಯೊಂದು ಚೌಕವೂ ಒಂದು ಮಸೂರ. ಎದುರಿನ ಜಾಗವನ್ನು ಅವು ಬೀಸಣಿಗೆಯ ಕಡ್ಡಿಗಳಂತೆ ಅನೇಕ ಪಟ್ಟಿಗಳಾಗಿ ವಿಂಗಡಿಸುತ್ತವೆ.

ಇದರಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ಸಂವೇದಕಕ್ಕೆ ಮನುಷ್ಯನೆಂದರೇನೆಂದು ಗೊತ್ತಿಲ್ಲ. "ನನ್ನೆದುರು ಬಿಸಿಯ ಹಂಚಿಕೆ ಬದಲಾಯಿತು" ಎಂಬ ಒಂದೇ ವಾಕ್ಯ ಅದಕ್ಕೆ ಬರುತ್ತದೆ. ಆ ಬದಲಾವಣೆ ಹಾಲು ತರುವ ಹುಡುಗನಿಂದ ಆಗಿರಬಹುದು, ಬೀದಿನಾಯಿಯಿಂದ ಆಗಿರಬಹುದು, ಈಗತಾನೆ ಬಂದು ನಿಂತ ದ್ವಿಚಕ್ರ ವಾಹನದ ಕಾದ ಇಂಜಿನ್ನಿನಿಂದಲೂ ಆಗಿರಬಹುದು. ಹಾಗೆಯೇ, ಗ್ರಂಥಾಲಯದಲ್ಲಿ ಕದಲದೆ ಕುಳಿತು ಓದುವ ವಿದ್ಯಾರ್ಥಿನಿ ಅದರ ಪಾಲಿಗೆ ಇಲ್ಲವೇ ಇಲ್ಲ. ಪರೀಕ್ಷೆಗೆ ಓದುತ್ತಿರುವವರ ತಲೆಯ ಮೇಲಿನ ದೀಪ ಇದ್ದಕ್ಕಿದ್ದಂತೆ ಆರಿ, ಅವರು ಕೈ ಬೀಸಿ ಮತ್ತೆ ಹೊತ್ತಿಸಬೇಕಾಗುವುದು ಈ ಕಾರಣದಿಂದಲೇ.

ಇನ್ನು ಕಂಪ್ಯೂಟರ್. ಒಂದೇ ಹಲಗೆಯ ಮೇಲೆ ಸಂಸ್ಕಾರಕ, ನೆನಪು, ಸಂಪರ್ಕದ ಕಿಂಡಿಗಳು ಎಲ್ಲವೂ ಇರುವ ಇಂತಹ ಕಂಪ್ಯೂಟರುಗಳಲ್ಲಿ ಹೆಚ್ಚು ಪರಿಚಿತವಾದುದು ರಾಸ್ಪ್‌ಬೆರಿ ಪೈ. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಇದು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಮಕ್ಕಳು ಅಗ್ಗದಲ್ಲಿ ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು ಅದನ್ನು ರೂಪಿಸಿದವರ ಉದ್ದೇಶವಾಗಿತ್ತು. ಈಗಿನ ಮಾದರಿಗಳ ಅಂಚಿನಲ್ಲಿ ಎರಡು ಸಾಲುಗಳಲ್ಲಿ 40 ಮೊಳೆಗಳಿರುತ್ತವೆ. ಸಾಮಾನ್ಯ ಕಚೇರಿ ಕಂಪ್ಯೂಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಮೊಳೆಗಳೇ. ಹೊರಗಿನ ತಂತಿಯನ್ನು ನೇರವಾಗಿ ಇವುಗಳಿಗೆ ಜೋಡಿಸಿ ಅಲ್ಲಿ ವಿದ್ಯುತ್ ಇದೆಯೇ ಇಲ್ಲವೇ ಎಂಬುದನ್ನು ಕಂಪ್ಯೂಟರ್ ಓದಬಹುದು.

ಜೋಡಣೆಗೆ ಮೂರು ತಂತಿಗಳು ಸಾಕು. ಎಚ್.ಸಿ.-ಎಸ್.ಆರ್.501 ಎಂಬ ಸಾಮಾನ್ಯ ಸಂವೇದಕಕ್ಕೆ ಪೈ ಹಲಗೆಯ 2ನೆಯ ಮೊಳೆಯಿಂದ 5 ವೋಲ್ಟ್ ವಿದ್ಯುತ್, 6ನೆಯ ಮೊಳೆಯಿಂದ ಭೂಸಂಪರ್ಕ. ಸಂವೇದಕದ ನಡುವಿನ ಕಾಲಿನಿಂದ ಸಂಕೇತದ ತಂತಿ ಹಲಗೆಯ 7ನೆಯ ಮೊಳೆಗೆ. ಇಲ್ಲಿ ಎಚ್ಚರಿಕೆ ಅಗತ್ಯ. ಪೈ ಹಲಗೆಯ ಸಂಕೇತ ಮೊಳೆಗಳು 3.3 ವೋಲ್ಟ್ ಮಾತ್ರ ತಾಳಬಲ್ಲವು. ಈ ಸಂವೇದಕ 5 ವೋಲ್ಟ್ ಉಂಡರೂ ಹೊರಗೆ ಕೊಡುವುದು 3.3 ವೋಲ್ಟ್ ಆದುದರಿಂದ ತೊಂದರೆಯಿಲ್ಲ. ಬೇರೆ ಮಾದರಿಯ ಸಂವೇದಕ ತಂದು, ಅದು 5 ವೋಲ್ಟ್ ಸಂಕೇತ ಕೊಡುವಂತಹುದಾಗಿದ್ದರೆ, ಹಲಗೆ ಸುಟ್ಟುಹೋಗುವ ಸಂಭವವುಂಟು. ಕೊಳ್ಳುವಾಗಲೇ ವಿವರಪತ್ರದಲ್ಲಿ ಈ ಅಂಕಿಯನ್ನು ನೋಡತಕ್ಕದ್ದು.

ಪೈಥಾನ್ ಭಾಷೆಯಲ್ಲಿ ಇದನ್ನು ಓದುವ ಕ್ರಮವಿಧಿ ಹತ್ತು ಸಾಲುಗಳನ್ನು ಮೀರುವುದಿಲ್ಲ. ಜಿಪಿಐಒ-ಜೀರೋ ಎಂಬ ಸಿದ್ಧ ಗ್ರಂಥಾಲಯದಲ್ಲಿ ಚಲನೆ ಸಂವೇದಕಕ್ಕಾಗಿಯೇ ಒಂದು ಸಿದ್ಧರೂಪವಿದೆ. ಯಾವ ಮೊಳೆ ಎಂದು ಹೇಳಬೇಕು. ಸಂಕೇತ ಬರುವವರೆಗೆ ಕಾಯಲು ಹೇಳಬೇಕು. ಬಂದಾಗ ಆ ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳನ್ನು ಒಂದು ಕಡತದಲ್ಲಿ ಹೊಸ ಸಾಲಾಗಿ ಬರೆಯಲು ಹೇಳಬೇಕು. ಮತ್ತೆ ಕಾಯಲು ಹೇಳಬೇಕು. ಇಷ್ಟೇ. ತಾಲ್ಲೂಕು ಕೇಂದ್ರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಇದನ್ನು ಒಂದು ಮಧ್ಯಾಹ್ನದಲ್ಲಿ ಬರೆದುಕೊಡಬಲ್ಲರು. ಕೊನೆಯಲ್ಲಿ ಕೈಗೆ ಬರುವುದು ಸಾಲು ಸಾಲಾಗಿ ವೇಳೆ ಬರೆದಿರುವ ಒಂದು ಪಟ್ಟಿ. ಅದು ಒಂದು ವಹಿಯೇ ಸರಿ. ವಹಿಯನ್ನು ಓದುವ ಅಭ್ಯಾಸ ಪಂಚಾಯಿತಿ ಸದಸ್ಯರಿಗೆ ಹೊಸದಲ್ಲ.

ಆದರೆ ಈ ವಹಿಯ ಲೇಖಕನ ಕೆಲವು ದೌರ್ಬಲ್ಯಗಳನ್ನು ಮೊದಲೇ ತಿಳಿದಿರಬೇಕು. ಸಂವೇದಕಕ್ಕೆ ವಿದ್ಯುತ್ ಕೊಟ್ಟ ಮೊದಲ ಒಂದು ನಿಮಿಷ ಅದು ಸುತ್ತಲಿನ ಬಿಸಿಗೆ ಹೊಂದಿಕೊಳ್ಳುತ್ತಿರುತ್ತದೆ; ಆ ಅವಧಿಯ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಪ್ರತಿ ಸಂಕೇತ ಕನಿಷ್ಠ ಮೂರು ಸೆಕೆಂಡು ನಿಲ್ಲುತ್ತದೆ, ಅದರ ಹಿಂದೆಯೇ ಎರಡೂವರೆ ಸೆಕೆಂಡು ಅದು ಕುರುಡಾಗಿರುತ್ತದೆ. ಆದುದರಿಂದ ಒಂದು ನಿಮಿಷದಲ್ಲಿ ಹತ್ತು ಹನ್ನೊಂದು ಸಲಕ್ಕಿಂತ ಹೆಚ್ಚು ಎಣಿಸಲಾರದು. ಜಾತ್ರೆಯ ಜನ ಸಾಲಾಗಿ ಹೋದರೂ ಅದರ ಲೆಕ್ಕ ಅಷ್ಟೇ. ಇಬ್ಬರು ಜೊತೆಯಾಗಿ ಬಂದರೆ ಒಂದು, ಒಬ್ಬರೇ ಹೋಗಿ ಬಂದರೆ ಎರಡು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಬಾಗಿಲಿಗೆ ಸಂವೇದಕ ಕಟ್ಟಿ ಓದುಗರ ಸಂಖ್ಯೆಯನ್ನು ಎಣಿಸುವ ಪ್ರಸ್ತಾವನೆ ಬಂದರೆ ಈ ಲೆಕ್ಕವನ್ನು ನೆನೆಯಬೇಕು. ಮೇಜಿನ ಮೇಲಿನ ಸಹಿ ಪುಸ್ತಕ ಅದಕ್ಕಿಂತ ಸತ್ಯವಾದುದು.

ಪೈ ಹಲಗೆಗೂ ಒಂದು ದೌರ್ಬಲ್ಯವಿದೆ, ಹಳ್ಳಿಯಲ್ಲಿ ಇದು ಬಹು ಮುಖ್ಯ. 2023ರಲ್ಲಿ ಬಂದ ಐದನೆಯ ಮಾದರಿಯವರೆಗೆ ಈ ಹಲಗೆಗಳಲ್ಲಿ ಸ್ವಂತ ಗಡಿಯಾರವೇ ಇರಲಿಲ್ಲ. ಅಂತರ್ಜಾಲ ಸಂಪರ್ಕವಿದ್ದರೆ ಅಲ್ಲಿಂದ ಸಮಯ ತಿಳಿಯುತ್ತವೆ. ಸಂಪರ್ಕವಿಲ್ಲದ ಕಡೆ ವಿದ್ಯುತ್ ಹೋಗಿ ಬಂದರೆ, ಕೊನೆಯ ಬಾರಿ ಉಳಿಸಿಕೊಂಡಿದ್ದ ಸಮಯದಿಂದಲೇ ಮುಂದುವರಿಯುತ್ತವೆ. ರಾತ್ರಿ ಹತ್ತಕ್ಕೆ ಹೋದ ವಿದ್ಯುತ್ ಎರಡು ಗಂಟೆಗೆ ಬಂದರೆ, ಹಲಗೆಯ ಪಾಲಿಗೆ ಅದು ಇನ್ನೂ ಹತ್ತು ಗಂಟೆ. ವಹಿಯೇನೋ ಅಚ್ಚುಕಟ್ಟಾಗಿ ಕಾಣುತ್ತದೆ, ವೇಳೆ ಮಾತ್ರ ಸುಳ್ಳು. ಗುಂಡಿ ಕೋಶವಿರುವ ಒಂದು ಪುಟ್ಟ ಗಡಿಯಾರ ಬಿಲ್ಲೆಯನ್ನು ಜೋಡಿಸಿದರೆ ಈ ದೋಷ ತೀರುತ್ತದೆ. ಐದನೆಯ ಮಾದರಿಯಲ್ಲಿ ಗಡಿಯಾರವಿದ್ದರೂ ಅದರ ಬ್ಯಾಟರಿಯನ್ನು ಬೇರೆಯಾಗಿ ಕೊಂಡು ಹಾಕಬೇಕು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ನೆನಪಿನ ಕಾರ್ಡಿನಲ್ಲಿರುವ ಕಡತಗಳೇ ಕೆಡುವುದುಂಟು. ಆದುದರಿಂದ ಚಿಕ್ಕದೊಂದು ಬ್ಯಾಟರಿ ಆಸರೆ ಇರತಕ್ಕದ್ದು.

ಈಗ ಎನ್.ಆರ್. ಕಾಲೋನಿಯ ಮೆಟ್ಟಿಲಿಗೂ ಊರಿನ ಬೀದಿಗೂ ಇರುವ ಅಂತರವನ್ನು ನೋಡಬಹುದು. ಮೆಟ್ಟಿಲಿನಲ್ಲಿ ಸಂವೇದಕದಿಂದ ಮನುಷ್ಯನಿಗೆ ಇರುವ ದೂರ ಎರಡು ಮೂರು ಮೀಟರ್. ಬರುವವರು ಆ ಕಿರಿದಾದ ದಾರಿಯಲ್ಲೇ ಬರಬೇಕು. ಮೇಲೆ ಮಾಡಿದ್ದರೆ ಮಳೆಯಿಲ್ಲ, ಎದುರಿಗೆ ಬಿಸಿಲಿಲ್ಲ. ಬೆಂಗಳೂರಿನ ರಾತ್ರಿಗಳು ತಂಪಾದುದರಿಂದ ಗೋಡೆಗಿಂತ ಮೈ ಎದ್ದು ಕಾಣುವಷ್ಟು ಬಿಸಿಯಾಗಿರುತ್ತದೆ. ದೀಪ ಕೆಟ್ಟರೆ ಮನೆಯವರು ಮರುದಿನವೇ ಹೊಸದನ್ನು ಹಾಕುತ್ತಾರೆ.

ಬೀದಿಯ ಕಂಬದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಈ ಅಗ್ಗದ ಸಂವೇದಕದ ಗರಿಷ್ಠ ವ್ಯಾಪ್ತಿ 7 ಮೀಟರ್. ಆರೇಳು ಮೀಟರ್ ಎತ್ತರದ ಕಂಬದ ತುದಿಗೆ ಅದನ್ನು ಕಟ್ಟಿದರೆ ಕಂಬದ ಬುಡಕ್ಕೆ ಬಂದು ನಿಂತವರನ್ನು ಕಾಣುವುದೇ ಕಷ್ಟ. ಬೀದಿ ದೀಪಗಳಿಗೆಂದು ಮಾಡಿದ ಮೈಕ್ರೋವೇವ್ ಸಂವೇದಕಗಳು ಬೇರೆ ಇವೆ. ಅವು ರೇಡಿಯೋ ಅಲೆಗಳನ್ನು ಕಳುಹಿಸಿ ಮರಳಿ ಬಂದದ್ದನ್ನು ಅಳೆಯುತ್ತವೆ, ದೂರವನ್ನೂ ಕಾಣುತ್ತವೆ. ಆದರೆ ಗಾಳಿಗೆ ಅಲುಗುವ ಕೊಂಬೆಗಳೂ ಅವುಗಳ ಕಣ್ಣಿಗೆ ಬೀಳುತ್ತವೆ. ಇನ್ನು ಬಿಸಿಲಿನ ವಿಚಾರ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ, ಸಂಜೆ ಕತ್ತಲಾದ ಮೇಲೂ ಕಲ್ಲು ಗೋಡೆಗಳು ಕಾದಿರುತ್ತವೆ. ಮೈಯ ಬಿಸಿಯೂ ಗೋಡೆಯ ಬಿಸಿಯೂ ಒಂದೇ ಆದಾಗ ಪಿ.ಐ.ಆರ್. ಸಂವೇದಕಕ್ಕೆ ಮನುಷ್ಯ ಕಾಣದಂತಾಗುತ್ತಾನೆ. ಬೆಂಗಳೂರಿನಲ್ಲಿ ಸರಿಯಾಗಿ ನಡೆದ ಸಾಧನ ಕಲ್ಯಾಣ ಕರ್ನಾಟಕದ ಏಪ್ರಿಲ್ ಸಂಜೆಯಲ್ಲಿ ಸೋಲುವುದಕ್ಕೆ ಸಾಧನ ಕೆಟ್ಟಿರಬೇಕಾಗಿಲ್ಲ.

ಮಳೆಯಿಂದ ಕಾಪಾಡಲೆಂದು ಸಂವೇದಕದ ಮುಂದೆ ಗಾಜು ಅಥವಾ ಅಕ್ರಿಲಿಕ್ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಕಣ್ಣಿಗೆ ಪಾರದರ್ಶಕವಾದ ಗಾಜು ಈ ಅವಕೆಂಪು ಕಿರಣಗಳಿಗೆ ಗೋಡೆಯಿದ್ದಂತೆ. ಸಂವೇದಕದ ಮುಂದೆ ಜೇಡ ಬಲೆ ಕಟ್ಟಿದರೆ, ಹಲ್ಲಿ ಓಡಾಡಿದರೆ ರಾತ್ರಿಯಿಡೀ ಸುಳ್ಳು ಸಂಕೇತಗಳು ಬರಬಹುದು. ಪೈ ಹಲಗೆಯ ವೈಫೈ ಅಲೆಗಳಿಂದಲೂ ಸುಳ್ಳು ಸಂಕೇತ ಹುಟ್ಟುವುದರಿಂದ ಎರಡನ್ನೂ ಒಂದೇ ಡಬ್ಬಿಯಲ್ಲಿ ಅಂಟಿಸದೆ ಒಂದಡಿಯಾದರೂ ದೂರ ಇಡುವುದು ಒಳ್ಳೆಯದು. ಸಂವೇದಕದ ಕಡೆಗೆ ನೇರವಾಗಿ ನಡೆದು ಬರುವವರಿಗಿಂತ ಅಡ್ಡಲಾಗಿ ಹಾದುಹೋಗುವವರನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಆದುದರಿಂದ ದಾರಿಯ ಕೊನೆಯಲ್ಲಿ ಇಡುವುದಕ್ಕಿಂತ ದಾರಿಯ ಬದಿಯಲ್ಲಿ, ಎದೆಯೆತ್ತರದಿಂದ ಸ್ವಲ್ಪ ಮೇಲೆ ಇಡುವುದು ಸರಿ.

ಇಷ್ಟನ್ನು ಅರಿತು ಒಂದು ಸಂವೇದಕವನ್ನೂ ಒಂದು ಹಲಗೆಯನ್ನೂ ಊರಿನ ಒಂದು ಬೀದಿಯಲ್ಲಿ ಹದಿನೈದು ರಾತ್ರಿ ಇಡಬೇಕು. ಮೊದಲ ಎರಡು ರಾತ್ರಿ ಯಾರಾದರೊಬ್ಬರು ಪಕ್ಕದ ಜಗಲಿಯಲ್ಲಿ ಒಂದು ಗಂಟೆ ಕುಳಿತು, ಹಾದುಹೋದವರನ್ನು ಕೈಯಲ್ಲಿ ಬರೆದುಕೊಳ್ಳಬೇಕು: ಇಷ್ಟು ಹೊತ್ತಿಗೆ ಇಬ್ಬರು, ಇಷ್ಟು ಹೊತ್ತಿಗೆ ನಾಯಿ, ಇಷ್ಟು ಹೊತ್ತಿಗೆ ಬೈಕು. ಮರುದಿನ ಯಂತ್ರದ ವಹಿಯನ್ನೂ ಕೈಬರಹವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎಷ್ಟು ಸಲ ಮನುಷ್ಯರು ಹೋದರೂ ಯಂತ್ರ ಬರೆಯಲಿಲ್ಲ, ಎಷ್ಟು ಸಲ ಯಾರೂ ಇಲ್ಲದೆ ಬರೆಯಿತು ಎಂಬ ಎರಡು ಸಂಖ್ಯೆಗಳು ಕೈಗೆ ಬರುತ್ತವೆ. ಮಾರಾಟ ಪ್ರತಿನಿಧಿಯ ಕರಪತ್ರದಲ್ಲಿ ಎಂದಿಗೂ ಇರದ ಎರಡು ಸಂಖ್ಯೆಗಳು ಇವೇ. ಎನ್.ಆರ್. ಕಾಲೋನಿಗೆ ಸಮೀಪದ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಕಟ್ಟಿದ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರೆಂಬ ಹಳ್ಳಿಯಿಂದ ಬಂದವರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರು ಜೀವನವಿಡೀ ಹೇಳಿದ ಮಾತು. ಜಗಲಿಯ ಮೇಲೆ ಕುಳಿತು ಯಂತ್ರದ ಲೆಕ್ಕವನ್ನು ತಾಳೆ ನೋಡುವುದು ಆ ಮಾತಿನ ಪಾಲನೆಯೇ.

ಬೀದಿ ದೀಪದ ಬಿಲ್ಲಿನ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತಿನಿಂದ. ಇಂದು ಬೀದಿ ದೀಪ ಒದಗಿಸುವುದು ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಒಂದು; ಅದರ ಬಿಲ್ಲು ಎಷ್ಟು ಭಾರವೆಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಊರಿನಲ್ಲಿ 30 ವ್ಯಾಟಿನ 100 ಎಲ್.ಇ.ಡಿ. ದೀಪಗಳಿವೆ ಎಂದು ಇಟ್ಟುಕೊಳ್ಳಬಹುದು. ರಾತ್ರಿ 12 ಗಂಟೆ ಉರಿದರೆ ದಿನಕ್ಕೆ 36 ಯೂನಿಟ್. ಚಲನೆ ಸಂವೇದಕ ಅಳವಡಿಸಿ, ರಾತ್ರಿ 11ರಿಂದ ಬೆಳಗಿನ 4ರವರೆಗೆ ಜನರಿಲ್ಲದಾಗ ದೀಪವನ್ನು ಅರ್ಧಕ್ಕೆ ಮಂದಗೊಳಿಸಿದರೆ, ಐದು ಗಂಟೆಗಳೂ ಯಾರೊಬ್ಬರೂ ಸುಳಿಯಲಿಲ್ಲವೆಂದೇ ಇಟ್ಟುಕೊಂಡರೂ, ಉಳಿಯುವುದು ದಿನಕ್ಕೆ 7.5 ಯೂನಿಟ್. ಬಿಲ್ಲು ಅರ್ಧಕ್ಕೆ ಇಳಿಯಲಿಲ್ಲ. ಐದನೆಯ ಒಂದು ಭಾಗ ಇಳಿಯಿತು, ಅದೂ ಅತ್ಯುತ್ತಮ ಸ್ಥಿತಿಯಲ್ಲಿ.

ಅದೇ ಊರಿನಲ್ಲಿ ಸ್ವಿಚ್ ಇಲ್ಲದೆ, ಅಥವಾ ಇದ್ದರೂ ಆರಿಸುವವರಿಲ್ಲದೆ, ದೀಪಗಳು ಹಗಲೆಲ್ಲ ಉರಿಯುತ್ತಿದ್ದರೆ ಅದರಿಂದ ದಿನಕ್ಕೆ ಇನ್ನೂ 36 ಯೂನಿಟ್ ನಷ್ಟ. ಸಂವೇದಕ ಉಳಿಸುವುದರ ಸುಮಾರು ಐದರಷ್ಟು ಇದು. ಒಂದು ಟೈಮರ್ ಸ್ವಿಚ್ಚಿನಿಂದಲೋ, ಬೆಳಕು ಕಂಡರೆ ದೀಪ ಆರಿಸುವ ಸಾಧನದಿಂದಲೋ, ಏನೂ ಇಲ್ಲದಿದ್ದರೆ ಸಂಜೆ ಬೆಳಗ್ಗೆ ನೀರಗಂಟಿಯ ಕೈಯಿಂದಲೋ ಇದನ್ನು ತಡೆಯಬಹುದು. ಹಗಲು ದೀಪ ಉರಿಯುವ ಊರು ಚಲನೆ ಸಂವೇದಕದ ಮಾತನ್ನು ಎತ್ತುವುದು, ತೂತು ಬಿದ್ದ ಟ್ಯಾಂಕಿಗೆ ನೀರಿನ ಮೀಟರ್ ಇಟ್ಟಂತೆ.

ಮತ್ತೊಂದು ಲೆಕ್ಕವೂ ಗಮನಾರ್ಹ. ರಾಸ್ಪ್‌ಬೆರಿ ಪೈನ ನಾಲ್ಕನೆಯ ಮಾದರಿ ಸುಮ್ಮನಿದ್ದರೂ ಸುಮಾರು 3 ವ್ಯಾಟ್ ವಿದ್ಯುತ್ ತಿನ್ನುತ್ತದೆ. ಇಪ್ಪತ್ತನಾಲ್ಕು ಗಂಟೆಗೆ ಅದು 72 ವ್ಯಾಟ್-ಗಂಟೆ. ಮೇಲಿನ ಲೆಕ್ಕದಲ್ಲಿ ಒಂದು ದೀಪದಿಂದ ಉಳಿದದ್ದು 75 ವ್ಯಾಟ್-ಗಂಟೆ. ಕಂಬಕ್ಕೊಂದರಂತೆ ಇಂತಹ ಹಲಗೆ ಕಟ್ಟಿದರೆ ಉಳಿತಾಯವೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ದೀಪವನ್ನು ಆಡಿಸುವ ಕೆಲಸಕ್ಕೆ ಪೂರ್ಣ ಕಂಪ್ಯೂಟರಿನ ಅಗತ್ಯವೇ ಇಲ್ಲ. ಸಂವೇದಕದ ಜೊತೆಗಿನ ಚಿಕ್ಕ ಮಂಡಲವೇ ಸಾಕು. ಅಳೆಯುವುದಕ್ಕೆ, ಹೋಲಿಸುವುದಕ್ಕೆ ಮಾತ್ರ ಹಲಗೆ ಬೇಕು. ಅಳತೆ ಮುಗಿದ ಮೇಲೆ ಅದನ್ನು ಬಿಚ್ಚಿ ಮುಂದಿನ ಊರಿಗೆ ಕೊಡಬಹುದು. ಒಂದು ಹೋಬಳಿಯ ಪಂಚಾಯಿತಿಗಳಿಗೆಲ್ಲ ಸೇರಿ ಒಂದೇ ಸೆಟ್ ಸಾಕಾಗುತ್ತದೆ.

ಯೂನಿಟ್ಟಿನ ಲೆಕ್ಕಕ್ಕಿಂತ ದೊಡ್ಡದಾದ ಒಂದು ಸಂಗತಿ ಇದೆ. ಬೆಳಗಿನ ನಾಲ್ಕೂವರೆಗೆ ಗಾರ್ಮೆಂಟ್ಸ್ ಕಾರ್ಖಾನೆಯ ವಾಹನ ಹಿಡಿಯಲು ಹೊರಡುವ ಹೆಣ್ಣುಮಗಳು ಆ ಬೀದಿಯಲ್ಲೇ ನಡೆಯುತ್ತಾಳೆ. ಕಂಬದಿಂದ ಕಂಬಕ್ಕೆ ಮೂವತ್ತು ನಲವತ್ತು ಮೀಟರ್ ಇದ್ದು, ದೀಪ ಅವಳು ಕೆಳಗೆ ಬಂದ ಮೇಲೆ ಮಾತ್ರ ಬೆಳಗುವುದಾದರೆ, ಅವಳ ಮುಂದಿನ ದಾರಿ ಯಾವಾಗಲೂ ಕತ್ತಲೆಯೇ. ಮುಂದೆ ಯಾರು ನಿಂತಿದ್ದಾರೆಂಬುದು ಅವಳಿಗೆ ಕಾಣದು, ಅವಳು ಮಾತ್ರ ಅವರಿಗೆ ಬೆಳಕಿನಲ್ಲಿ ಕಾಣುವಳು. ಆದುದರಿಂದ ದೀಪವನ್ನು ಪೂರ್ಣ ಆರಿಸುವ ಯಾವ ವ್ಯವಸ್ಥೆಯನ್ನೂ ಬೀದಿಗೆ ಒಪ್ಪತಕ್ಕದ್ದಲ್ಲ. ಮಂದಗೊಳಿಸುವುದಿದ್ದರೂ ಒಬ್ಬರು ಬಂದಾಗ ಮುಂದಿನ ಎರಡು ಮೂರು ಕಂಬಗಳು ಒಟ್ಟಿಗೆ ಬೆಳಗುವಂತಿರಬೇಕು. ಸಂವೇದಕವೋ ಹಲಗೆಯೋ ಕೆಟ್ಟರೆ ದೀಪ ತಾನಾಗಿ ಪೂರ್ಣ ಬೆಳಗುವಂತೆ ರಿಲೇಯನ್ನು ಜೋಡಿಸಿರಬೇಕು. ವಿದ್ಯುತ್ ಕೆಲಸಗಾರರಿಗೆ ಇದು ಗೊತ್ತಿರುವ ಜೋಡಣೆ: ರಿಲೇಯ ಸಾಮಾನ್ಯವಾಗಿ ಮುಚ್ಚಿರುವ ತುದಿಗೆ ದೀಪವನ್ನು ಕೊಡುವುದು. ಹೆಚ್ಚುವರಿ ವೆಚ್ಚ ಒಂದು ರೂಪಾಯಿಯೂ ಇಲ್ಲ. ಆದರೆ ಕೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ.

ಮಲೆನಾಡಿನ ಮತ್ತು ಕಾಡಂಚಿನ ಪಂಚಾಯಿತಿಗಳ ಸದಸ್ಯರು ಕೇಳುವ ಪ್ರಶ್ನೆ ಬೇರೆ: ಆನೆ ಬಂದರೆ ಇದು ಹೇಳುವುದೇ? 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಹಾಸನ, ಕೊಡಗಿನ ತೋಟಗಳಲ್ಲಿ ಅವುಗಳ ಓಡಾಟ ಜೀವನ್ಮರಣದ ವಿಷಯ. ಚಲನೆ ಗುರುತಿಸುವ ಸಾಧನಗಳನ್ನು ಕಾಡಿನಲ್ಲಿ ಅರ್ಥಪೂರ್ಣವಾಗಿ ಬಳಸಿದ ಮೊದಲಿಗರಲ್ಲಿ ಕನ್ನಡಿಗರೊಬ್ಬರಿದ್ದಾರೆ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಪಿಸಿದರು. ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಅಲ್ಲಿ ಸಂವೇದಕದ ಕೆಲಸ ಕ್ಯಾಮೆರಾವನ್ನು ಎಬ್ಬಿಸುವುದಷ್ಟೇ. ಹುಲಿ ಯಾವುದೆಂದು ಹೇಳಿದ್ದು ಚಿತ್ರದಲ್ಲಿನ ಪಟ್ಟೆಗಳು, ಆ ಪಟ್ಟೆಗಳನ್ನು ಹೋಲಿಸಿ ನೋಡಿದ ಮನುಷ್ಯರ ಕಣ್ಣು. ಹುಲಿಯ ಎಡಮೈ ಬಲಮೈಗಳ ಪಟ್ಟೆ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡುವುದು ರೂಢಿಗೆ ಬಂತು.

ತೋಟದ ಬೇಲಿಗೆ ಬರೀ ಸಂವೇದಕ ಕಟ್ಟಿ ಸೈರನ್ ಜೋಡಿಸಿದರೆ ಹಸು ಬಂದರೂ ಕೂಗುತ್ತದೆ, ಕಾಡುಹಂದಿ ಬಂದರೂ ಕೂಗುತ್ತದೆ. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕತೆ ಎಲ್ಲರಿಗೂ ತಿಳಿದಿದೆ. ನಾಲ್ಕು ರಾತ್ರಿ ಸುಳ್ಳು ಕೂಗಿದ ಸೈರನ್ನನ್ನು ಐದನೆಯ ರಾತ್ರಿ ಯಾರೂ ಲೆಕ್ಕಿಸುವುದಿಲ್ಲ. ಆನೆ ಬರುವುದು ಅಂದೇ ಆಗಬಹುದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ನಡೆಸಿದ ವ್ಯವಸ್ಥೆ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳಿವೆ. ಸುತ್ತಮುತ್ತ ಆನೆ ಇದೆಯೆಂದು ಗೊತ್ತಾದಾಗ ಸಿಬ್ಬಂದಿ ಅಥವಾ ಊರಿನವರು ಮೊಬೈಲ್ ಕರೆಯಿಂದ ಅವುಗಳನ್ನು ಹೊತ್ತಿಸುತ್ತಾರೆ. ಜನರ ಫೋನಿಗೆ ಸಂದೇಶವೂ ಹೋಗುತ್ತದೆ. ಆನೆಯನ್ನು ಕಂಡು ಹೇಳುವ ಕೆಲಸ ಅಲ್ಲಿ ಮನುಷ್ಯನದೇ, ಹೇಳಿದ್ದನ್ನು ದೂರಕ್ಕೆ ಮುಟ್ಟಿಸುವ ಕೆಲಸ ಯಂತ್ರದ್ದು. ಪಂಚಾಯಿತಿ ಹಣ ಹಾಕುವುದಾದರೆ ಅರಣ್ಯ ಇಲಾಖೆಯೊಡನೆ ಸೇರಿ ಇಂತಹ ಸಂದೇಶದ ಜಾಲಕ್ಕೆ ಹಾಕುವುದು ಮೇಲು.

ಬೀಗ ಹಾಕಿದ ಪಂಪ್‌ಹೌಸಿಗೆ ಮಾತ್ರ ಈ ಅಗ್ಗದ ಸಂವೇದಕ ಹೇಳಿಮಾಡಿಸಿದಂತಿದೆ. ನಾಲ್ಕು ಗೋಡೆ, ಒಂದು ಬಾಗಿಲು, ರಾತ್ರಿ ಯಾರೂ ಬರಬಾರದ ಜಾಗ. ಇಲ್ಲಿ ಎಣಿಸಬೇಕಾಗಿಲ್ಲ; ಬಂದರು ಎಂದರೆ ಸಾಕು. ಕೇಬಲ್ ಕಳವಿನಿಂದ ಒಂದು ಊರಿಗೆ ಎರಡು ಮೂರು ದಿನ ಕುಡಿಯುವ ನೀರು ನಿಲ್ಲುವುದನ್ನು ನೋಡಿದರೆ, ನೀರಗಂಟಿಯ ಮೊಬೈಲಿಗೆ ಸಂದೇಶ ಕಳುಹಿಸುವ ಒಂದು ಹಲಗೆಯ ವೆಚ್ಚ ದೊಡ್ಡದಲ್ಲ. ಸ್ಟಾರ್ಟರ್ ಪೆಟ್ಟಿಗೆ ಬಿಸಿಯಾಗುವುದರಿಂದ ಸಂವೇದಕದ ಮುಖ ಅದರ ಕಡೆಗಿರದೆ ಬಾಗಿಲಿನ ಕಡೆಗಿರಲಿ.

ಕೊನೆಯದಾಗಿ, ದಾಖಲೆಯ ವಿಚಾರ. ಕ್ಯಾಮೆರಾ ಇಲ್ಲದಿದ್ದರೂ ಈ ವಹಿ ಜನರ ಬಗ್ಗೆ ಮಾತನಾಡುತ್ತದೆ. ಮೂರೇ ಮನೆಗಳಿರುವ ಓಣಿಯಲ್ಲಿ ರಾತ್ರಿ ಒಂದೂವರೆಗೆ ಯಾರೋ ಹಾದುಹೋದರು ಎಂದು ಬರೆದಿದ್ದರೆ, ಅದು ಯಾರ ಮನೆಯ ವಿಷಯವೆಂದು ಊರಿಗೆ ಊಹಿಸುವುದು ಕಷ್ಟವಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದುದರಿಂದ ಸಂವೇದಕ ಇಡುವ ಮುನ್ನ ಆ ಬೀದಿಯವರಿಗೆ ತಿಳಿಸಬೇಕು. ಎಲ್ಲಿ ಇಟ್ಟಿದೆ, ಏಕೆ, ಎಷ್ಟು ದಿನ ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಸಮುದಾಯ ಶೌಚಾಲಯದ ಒಳಗಾಗಲಿ ಒಬ್ಬರ ಮನೆಯ ಬಾಗಿಲಿಗೆ ನೇರವಾಗಲಿ ಇಡಲೇಬಾರದು. ಪರೀಕ್ಷೆ ಮುಗಿದ ಮೇಲೆ ಗಂಟೆವಾರು ಮೊತ್ತವನ್ನು ಮಾತ್ರ ಉಳಿಸಿಕೊಂಡು ನಿಮಿಷ ಸೆಕೆಂಡುಗಳ ಮೂಲ ಪಟ್ಟಿಯನ್ನು ಅಳಿಸಿಹಾಕಬೇಕು.

ಸಾಮಾನ್ಯ ಸಭೆಯ ಮುಂದೆ ಇಂತಹ ಖರೀದಿಯ ಪ್ರಸ್ತಾವನೆ ಬಂದಾಗ ನಡಾವಳಿಯಲ್ಲಿ ಈ ಅಂಶಗಳು ದಾಖಲಾಗುವುದು ಅವಶ್ಯ. ಸಂವೇದಕ ಯಾವ ಬಗೆಯದು, ಎಷ್ಟು ಮೀಟರ್ ದೂರ ಕಾಣುತ್ತದೆ, ಅದನ್ನು ಕಟ್ಟುವ ಎತ್ತರವೆಷ್ಟು. ಹದಿನೈದು ರಾತ್ರಿಗಳ ಪರೀಕ್ಷೆಯಲ್ಲಿ ತಪ್ಪಿದ ಸಲ ಎಷ್ಟು, ಸುಳ್ಳು ಸಲ ಎಷ್ಟು. ಸಾಧನ ಕೆಟ್ಟಾಗ ದೀಪ ಉರಿಯುತ್ತದೆಯೋ ಆರುತ್ತದೆಯೋ. ದಾಖಲೆ ಯಾರ ಬಳಿ ಉಳಿಯುತ್ತದೆ, ಸರಬರಾಜುದಾರರ ಕಂಪ್ಯೂಟರಿಗೆ ಹೋಗುತ್ತದೆಯೇ. ಎರಡನೆಯ ವರ್ಷ ದುರಸ್ತಿ ಮಾಡುವವರು ಯಾರು, ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆಯೇ. ಪರೀಕ್ಷೆಗೆ ಬಳಸಿದ ಹಲಗೆಯನ್ನು ದಾಸ್ತಾನು ವಹಿಗೆ ತೆಗೆದುಕೊಳ್ಳಬೇಕು. ಅದರ ನೆನಪಿನ ಕಾರ್ಡಿನ ಒಂದು ಪ್ರತಿಯನ್ನು ಮಾಡಿಸಿ, ಮೇಲೆ ದಿನಾಂಕ ಬರೆದು, ಕಾರ್ಯಾಲಯದ ಬೀರುವಿನಲ್ಲಿಡುವುದು. ಮಳೆಗಾಲದ ಮೊದಲ ಗುಡುಗಿಗೆ ಕೆಡುವುದು ಸಾಮಾನ್ಯವಾಗಿ ಆ ಕಾರ್ಡೇ.